ಯಜ್ಞಣ್ಣ ಕೇಳದೆ ಬಿಟ್ಟ ಪ್ರಶ್ನೆ

ಯಜ್ಞೇಶ್ವರ ಅಂದರೆ ಮುಂಬಯಿ ಹತ್ತಿರದ ಠಾಣೆ ಕಡೆಯ ಕನ್ನಡ ಸಂಘಗಳಲ್ಲಿ ಕೆಲವರಿಗೆ ಗೊತ್ತಾಗಲಿಕ್ಕಿಲ್ಲ. ಯಜ್ಞಣ್ಣ ಅಂದರೆ ಎಲ್ಲರಿಗೂ ಗೊತ್ತು. ಡೊಂಬಿವಲಿಯಲ್ಲಿ ಭಜನಾ ಮಂಡಳಿಯ ವಾರ್ಷಿಕೋತ್ಸವವಿರಲಿ, ಘಣಸೋಲಿಯಲ್ಲಿ ತಾಳಮದ್ದಲೆಯಿರಲಿ, ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತಿರುತ್ತಿದ್ದರು. ವೇದಿಕೆಯ ಮೇಲೆ ಹದಿನಾಲ್ಕು ಜನರಿದ್ದರೆ ಹದಿನಾಲ್ಕೂ ಹೆಸರು, ಹುದ್ದೆ, ಇನಿಷಿಯಲ್ ಸರಿಯಾಗಿ ಬರುತ್ತಿದ್ದವು. ನಾನು ಮುಕ್ತಾ, ಅವರು ವರದಿ ಕಳಿಸುವ ಠಾಣೆಯ ಕನ್ನಡ ಪತ್ರಿಕೆಯ ಕಚೇರಿಯಲ್ಲಿ ಉಪಸಂಪಾದಕಿ. ಅವರ ವರದಿ ಬಂದರೆ ತಿದ್ದುವ ಕೆಲಸವಿಲ್ಲವೆಂದು ನನಗೆ ಸಮಾಧಾನ.

ಕಾರ್ಕಳದ ಕಡೆಯಿಂದ ಹದಿನಾರನೇ ವಯಸ್ಸಿಗೆ ಬಂದವರು. ಕಲ್ಯಾಣ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವಷ್ಟು ದೊಡ್ಡವರಾದ ಮೇಲೆ, ಬಿಡುವಿನಲ್ಲಿ ಸಂಘದ ಸುದ್ದಿ ಬರೆದು ಕಳಿಸತೊಡಗಿದರು. ಕೊನೆಗೆ ಹೋಟೆಲು ಬಿಟ್ಟು ಪತ್ರಿಕೆಗೇ ಬಂದರು. ಡೊಂಬಿವಲಿ ಪೂರ್ವದಲ್ಲಿ ಒಂದು ರೂಮು, ಕಿಚನ್. ಹೆಂಡತಿ ತೃಪ್ತಿಯ ಜೊತೆ ತುಳು, ಮಗಳ ಜೊತೆ ಅರ್ಧ ಹಿಂದಿ.

ವರದಿ ಮಾಡುವುದು ಹೇಗೆ ಎಂದು ಅವರಿಗೆ ಯಾರೂ ಕಲಿಸಿದ್ದಿಲ್ಲ. ನಮ್ಮಲ್ಲಿ ಯಾರಿಗೂ ಕಲಿಸಿದ್ದಿಲ್ಲ ಅನ್ನಿ. ಕೊರೊನಾ ಕಾಲದಲ್ಲಿ ದಿನಾ ಸಂಜೆ ಪ್ರೆಸ್ ನೋಟಿನಲ್ಲಿ ಬಂದ ಸಂಖ್ಯೆಗಳನ್ನು ಅವರು ಹಾಗೇ ಟೈಪ್ ಮಾಡಿ ಕಳಿಸುತ್ತಿದ್ದರು, ನಾನು ಹಾಗೇ ಅಚ್ಚಿಗೆ ಬಿಡುತ್ತಿದ್ದೆ. ‘ಪಾಸಿಟಿವಿಟಿ ದರ’ ಅಂದರೇನು ಎಂದು ಅವರು ಒಮ್ಮೆ ನನ್ನನ್ನು ಕೇಳಿದ್ದರು. ನನಗೂ ಗೊತ್ತಿರಲಿಲ್ಲ. ಇಬ್ಬರೂ ನಕ್ಕು ಸುಮ್ಮನಾದೆವು.

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಸೋಮವಾರ. ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಯಜ್ಞಣ್ಣನಿಗೆ ಕಲ್ಯಾಣದ ಆಚೆಯ ಶಹಾಡಿನಿಂದ ಫೋನ್ ಬಂತು. ಮಾಡಿದವನು ಮಹಾದೇವಪ್ಪ, ಜೇವರ್ಗಿ ಕಡೆಯವನು, ಅಲ್ಲಿನ ಲೋಡಿಂಗ್ ಕೂಲಿಗಳ ಮುಕಾದಮ, ಅಂದರೆ ಮೇಸ್ತ್ರಿ.

“ಯಜ್ಞಣ್ಣಾರ, ನಮ್ ಮಂದಿ ಬಿದ್ದಾರ್ರಿ. ನಸುಕಿನಿಂದ ವಾಂತಿ, ಜುಲಾಬು. ಕಲ್ಯಾಣಕ್ಕ ದವಾಖಾನಿಗೆ ಒಯ್ದೀವಿ. ಯಾರೂ ಏನೂ ಹೇಳವಲ್ರು. ನೀವ್ ಬಂದ್ರ ಡಾಕ್ಟರ್ ಮಾತಾಡ್ತಾರ.”

ಅವರು ಹೋದರು. ಆಸ್ಪತ್ರೆಯ ಹೆಸರು ಬೇಡ. ಎರಡನೇ ಮಹಡಿಯ ವಾರ್ಡಿನಲ್ಲಿ ಹನ್ನೊಂದು ಜನ, ಏಳು ಮಂಚ. ಯಜ್ಞಣ್ಣ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಒಳಗೆ ಹೋದರು. ಎಚ್ಚರವಿದ್ದ ಐದು ಜನರನ್ನು ಕೇಳಿದರು.

“ನಿನ್ನೆ ಎಲ್ಲಿ ಊಟ ಮಾಡಿದ್ರಿ?”

“ಚಂದ್ರಬಾಯಿ ಖಾನಾವಳ್ಯಾಗ್ರಿ.”

ಐದಕ್ಕೆ ಐದೂ ಜನ ಅದನ್ನೇ ಹೇಳಿದರು. ಡಾಕ್ಟರು ಕೈ ಬೀಸಿ ಆಮೇಲೆ ಬನ್ನಿ ಅಂದರು. ಬಾಗಿಲಲ್ಲಿ ನಿಂತಿದ್ದ ವಾರ್ಡಿನವನೊಬ್ಬ ತಾನಾಗಿಯೇ ಮರಾಠಿಯಲ್ಲಿ ‘ಫೂಡ್ ಪಾಯ್ಸನ್ ದಿಸತಯ’, ಊಟದ ವಿಷದ ಹಾಗೆ ಕಾಣುತ್ತದೆ, ಅಂದ. ಅಷ್ಟರಲ್ಲಿ ನಮ್ಮ ಸಂಪಾದಕ ಸುನಿಲ ಅವರ ಫೋನ್. “ಮರಾಠಿ ಚಾನೆಲ್‌ನವರು ಆಗಲೇ ಹಾಕಿದ್ದಾರೆ ಯಜ್ಞಣ್ಣ. ಇದು ನಮ್ಮ ಜನರ ಸುದ್ದಿ. ಒಂದು ಗಂಟೆಯೊಳಗೆ ನಮ್ಮ ಯೂಟ್ಯೂಬ್ ಚಾನೆಲಿಗೆ ವಿಡಿಯೋ ಬೇಕು.”

ಯಜ್ಞಣ್ಣ ಶಹಾಡಿಗೆ ಹೋಗಿ ಖಾನಾವಳಿಯ ಬೋರ್ಡಿನ ಎದುರು ನಿಂತು ಮೊಬೈಲಿನಲ್ಲಿ ಮಾತಾಡಿದರು. ವಾರ್ಡಿನಲ್ಲಿ ತೆಗೆದಿದ್ದ, ಸಲೈನ್ ಹಾಕಿಕೊಂಡು ಮಲಗಿದ್ದ ಸಂಗಮೇಶನೆಂಬ ಹುಡುಗನ ಮುಖವನ್ನೂ ಸೇರಿಸಿದರು. ಬರೆದು ಕಳಿಸಿದ ವರದಿಯ ಮೂರನೇ ಪ್ಯಾರಾದಲ್ಲಿ ‘ಖಾನಾವಳಿಯ ಆಹಾರವೇ ಕಾರಣವಿರಬಹುದೆಂದು ಶಂಕಿಸಲಾಗಿದೆ’ ಎಂದಿತ್ತು. ತಲೆಬರಹ ನಾನು ಕೊಟ್ಟೆ: ‘ಶಹಾಡ್: ಖಾನಾವಳಿ ಊಟ ಉಂಡು ಹನ್ನೊಂದು ಕಾರ್ಮಿಕರು ಆಸ್ಪತ್ರೆಗೆ’. ಶಂಕೆ ಅನ್ನುವ ಪದ ಸಾಲಿನಲ್ಲಿ ಹಿಡಿಯಲಿಲ್ಲ. ಹಿಡಿಸಬೇಕು ಅಂತ ನನಗೂ ಅನ್ನಿಸಲಿಲ್ಲ.

ಆ ವಿಡಿಯೋ ಸಂಜೆಯೊಳಗೆ ನಲವತ್ತು ಸಾವಿರ ಜನ ನೋಡಿದರು. ಇಷ್ಟು ವರ್ಷದಲ್ಲಿ ಯಜ್ಞಣ್ಣನ ಯಾವ ವರದಿಯನ್ನೂ ಅಷ್ಟು ಜನ ನೋಡಿದ್ದಿಲ್ಲ. ಸುನಿಲ ಸರ್ ಎಲ್ಲರಿಗೂ ಚಹಾ ತರಿಸಿದರು.

ಮಂಗಳವಾರ ಬೆಳಿಗ್ಗೆ ಮತ್ತೆ ಮಹಾದೇವಪ್ಪನ ಫೋನ್. ಈ ಸಲ ದನಿ ಬೇರೆಯಿತ್ತು.

“ವಿಡಿಯೋ ನೋಡಿ ಮಂದಿ ಖಾನಾವಳಿ ಒಡೆದಾರ್ರಿ. ಲಗೂ ಬರ್ರಿ.”

ಯಜ್ಞಣ್ಣ ಡೊಂಬಿವಲಿಯಿಂದ ಟಿಟ್ವಾಲಾ ಲೋಕಲ್ ಹಿಡಿದು ಶಹಾಡಿನಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಚಾಳು, ತಗಡಿನ ಮಾಡಿನ ಹನ್ನೆರಡು ಸಾಲು ಖೋಲಿಗಳು, ಒಂದೊಂದು ಕೋಣೆಯ ಮನೆ. ಚಾಳಿನ ಬಾಯಲ್ಲೇ ಖಾನಾವಳಿ. ಶಟರಿಗೆ ಸರ್ಕಾರಿ ಸೀಲು ಬಿದ್ದಿತ್ತು. ಹೊರಗೆ ಒಲೆ ಬೋರಲಾಗಿ ಬಿದ್ದಿತ್ತು, ಜೋಳದ ಹಿಟ್ಟು ಕೆಸರಿನಲ್ಲಿ ಕಲಸಿಹೋಗಿತ್ತು. ಚಂದ್ರಬಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಇಂಡಿ ತಾಲೂಕಿನವಳು. ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಕೂಲಿಗಳಿಗೆ ರೊಟ್ಟಿ ಬಡಿದು ಹಾಕಿದವಳು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಒಡೆಯಲು ಬಂದವರು ಸಾರಿನ ಪಾತ್ರೆ ಎತ್ತಿ ಒಗೆದಾಗ ಸುಟ್ಟಿತ್ತು.

ಯಜ್ಞಣ್ಣನನ್ನು ನೋಡಿ ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ.

“ಅದೇ ಸಾರು ನಾನೂ ಉಂಡೀನ್ರಿ. ನನ್ನ ಸೊಸೀನೂ ಉಂಡಾಳ, ಮೊಮ್ಮಗನೂ ಉಂಡಾನ. ನಮಗ್ಯಾಕ ಏನೂ ಆಗಿಲ್ಲ? ನಿನ್ನಿ ನೀವು ಇದೇ ಬಾಗಿಲದಾಗ ನಿಂತು ವಿಡಿಯೋ ಮಾಡಿದ್ರಿ. ನಾನು ಒಳಗ ರೊಟ್ಟಿ ಬಡೀತಿದ್ದೆ. ಒಂದು ಮಾತು ಕೇಳಬಾರದಿತ್ತೇನು?”

ಆಗಲೇ ಹಿಂದಿನಿಂದ ಇನ್ನೊಂದು ಹೆಣ್ಣುದನಿ ಕೇಳಿಸಿತು.

“ನೀವೇ ಏನ್ರಿ ಆ ವಿಡಿಯೋದವರು?”

ಆಕೆ ಸುಲೋಚನಾ ಸಿಸ್ಟರ್, ಆ ಭಾಗದ ಆರೋಗ್ಯ ಕೇಂದ್ರದ ನರ್ಸು. ಹುಟ್ಟಿದ್ದು ವಿಜಯಪುರದಲ್ಲಿ, ಬೆಳೆದದ್ದು ಕಲ್ಯಾಣದಲ್ಲಿ. ಹೆಗಲಲ್ಲಿ ಓಆರ್‌ಎಸ್ ಪುಡಿಯ ಚೀಲ, ಮೊಣಕಾಲವರೆಗೆ ಕೆಸರು.

“ನಿನ್ನಿ ಮಧ್ಯಾಹ್ನದಿಂದ ಮನಿ ಮನಿ ತಿರಗಾಕತ್ತೀನಿ, ನೀರು ಕುದಿಸಿ ಕುಡೀರಿ ಅಂತ. ಮಂದಿ ಏನಂತಾರ ಗೊತ್ತದೇನು? ಮೊಬೈಲ್ ತೆಗೆದು ನಿಮ್ಮನ್ನ ತೋರಸ್ತಾರ. ‘ನೀರಿಂದಲ್ಲ ಬಾಯಿ, ಊಟದಿಂದ ಆಗ್ಯಾದ, ಪೇಪರಿನವರೇ ಹೇಳ್ಯಾರ’ ಅಂತಾರ. ರಾತ್ರಿ ಕಳೆಯೋದ್ರಾಗ ಮತ್ತ ಹದಿನಾಲ್ಕು ಮಂದಿ ಬಿದ್ದಾರ. ಅದರಾಗ ಒಂಬತ್ತು ಮಂದಿ ಖಾನಾವಳಿ ಹೊಸ್ತಿಲಾನೂ ತುಳಿದಿಲ್ಲ.”

“ಸಿಸ್ಟರ್, ನಾನು ಐದು ಜನರನ್ನು ಕೇಳಿದೆ. ಐದು ಜನವೂ ಅಲ್ಲೇ ಉಂಡದ್ದು ಅಂದರು.”

“ಲೋಡಿಂಗ್ ಮಂದಿ ದಿನಾ ಅಲ್ಲೇ ಉಣ್ತಾರ್ರಿ. ಮತ್ತೆಲ್ಲಿ ಉಣ್ಣಬೇಕು? ಉಂಡೂ ಆರಾಮ ಇದ್ದವರು ಎಷ್ಟು ಮಂದಿ, ಉಣ್ಣದೇ ಬಿದ್ದವರು ಎಷ್ಟು ಮಂದಿ, ಅದನ್ನ ಕೇಳಿದ್ರೇನು?”

ಕೇಳಿರಲಿಲ್ಲ. ಹಾಗೊಂದು ಪ್ರಶ್ನೆ ಇದೆ ಅನ್ನುವುದೇ ತನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಅವರು ನನಗೆ ಹೇಳಿದರು.

ಮಾತು ಮುಗಿಯುವ ಮೊದಲೇ ನಾಲ್ಕನೇ ಸಾಲಿನಿಂದ ಯಾರೋ ಕೂಗಿದರು. ಸಿಸ್ಟರ್ ಓಡಿದರು, ಯಜ್ಞಣ್ಣನೂ ಓಡಿದರು. ಒಂದು ಖೋಲಿಯಲ್ಲಿ ದಾನೇಶ್ವರಿ ಎಂಬ ಹೆಣ್ಣುಮಗಳು ಗೋಡೆಗೆ ಒರಗಿದ್ದಳು, ಇಪ್ಪತ್ತಮೂರು ವರ್ಷ, ಏಳು ತಿಂಗಳ ಬಸುರಿ. ಬೆಳಗಿನಿಂದ ಆರು ಸಲ ಭೇದಿಯಾಗಿತ್ತು. ಕಣ್ಣು ಒಳಗಿಳಿದಿದ್ದವು, ತುಟಿ ಬಿರಿದಿತ್ತು. ಸಿಸ್ಟರ್ ಆಕೆಯ ಕೈಮೇಲಿನ ಚರ್ಮ ಚಿವುಟಿ ಬಿಟ್ಟರು. ಚರ್ಮ ಎದ್ದಲ್ಲೇ ನಿಂತಿತು, ಮೈಯ ನೀರೆಲ್ಲ ಇಳಿದುಹೋದ ಗುರುತು.

“ರಿಕ್ಷಾ ತರ್ರಿ. ಈಗಿಂದೀಗ.”

ದಾನೇಶ್ವರಿಯ ಗಂಡ ದಿಲೀಪ ಕಟ್ಟಡದ ಕೆಲಸದವನು. ಆಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಬಂದ. ರಿಕ್ಷಾದ ಹಿಂದಿನ ಸೀಟಿನಲ್ಲಿ ಆಕೆಯನ್ನು ನಡುವೆ ಕೂರಿಸಿಕೊಂಡು ಸಿಸ್ಟರ್ ಮತ್ತು ದಿಲೀಪ, ಡ್ರೈವರನ ಪಕ್ಕದಲ್ಲಿ ಅರ್ಧ ಹೊರಗೆ ಜೋತುಬಿದ್ದು ಯಜ್ಞಣ್ಣ. ಶಹಾಡ್ ಸೇತುವೆಯ ಮೇಲೆ ಟ್ರಾಫಿಕ್ ನಿಂತುಬಿಟ್ಟಿತ್ತು. ಎದುರಿಗೊಂದು ಟ್ಯಾಂಕರು, ಹಿಂದೆ ಬಸ್ಸು. ಸಿಸ್ಟರ್ ಚಮಚದಿಂದ ಓಆರ್‌ಎಸ್ ನೀರು ಹಾಕುತ್ತಿದ್ದರು, ಅರ್ಧ ಹೊರಗೆ ಬರುತ್ತಿತ್ತು. “ಕಣ್ ಮುಚ್ಚಬ್ಯಾಡ ದಾನಮ್ಮ, ನನ್ನ ನೋಡು, ನನ್ನ ಕಡೆ ನೋಡು” ಎನ್ನುತ್ತಲೇ ಇದ್ದರು. ಯಜ್ಞಣ್ಣ ಇಳಿದು ಮಳೆಯಲ್ಲಿ ಬಸ್ಸಿನವನ ಕಿಟಕಿ ಬಡಿದು, ಟ್ಯಾಂಕರಿನವನಿಗೆ ಕೈಮುಗಿದು, ಒಂದೊಂದೇ ಗಾಡಿ ಸರಿಸುತ್ತ ಮುಂದೆ ನಡೆದರು. ಸೇತುವೆ ದಾಟಲು ಇಪ್ಪತ್ತೈದು ನಿಮಿಷ ಹಿಡಿಯಿತು.

ಸೇತುವೆ ಇಳಿದ ಮೇಲೆ ದಿಲೀಪ ಮೊದಲ ಸಲ ಬಾಯಿ ಬಿಟ್ಟ. ಸಿಟ್ಟಿನಿಂದಲ್ಲ, ಸುಮ್ಮನೆ ಆದದ್ದು ಹೇಳುವವನ ಹಾಗೆ.

“ನಿನ್ನಿ ಸಂಜಿಗೆ ನಿಮ್ ವಿಡಿಯೋ ನಾನೇ ಆಕಿಗೆ ತೋರಿಸಿದ್ನಿರಿ. ನಾವು ಮನ್ಯಾಗ ಮಾಡ್ಕೊಂಡು ಉಣ್ಣವ್ರು, ನಮಗೇನೂ ಆಗಂಗಿಲ್ಲ, ನೀ ಹೆದರಬ್ಯಾಡ ಅಂದೆ. ಆಕಿ ನೀರು ಕುದಿಸಾಕ ಇಟ್ಟಿದ್ಲು. ಸುಮ್ನ ಗ್ಯಾಸ್ ಯಾಕ ಸುಡತೀ ಅಂತ ನಾನೇ ಆರಿಸಿದೆ.”



ಆಸ್ಪತ್ರೆಯಲ್ಲಿ ದಾನೇಶ್ವರಿಯನ್ನು ಒಳಗೆ ತೆಗೆದುಕೊಂಡರು. ಕಾರಿಡಾರಿನಲ್ಲಿ ನಿಂತು ಯಜ್ಞಣ್ಣ ಸುನಿಲ ಸರ್‌ಗೆ ಫೋನ್ ಮಾಡಿದ್ದು ನನಗೆ ಕಚೇರಿಯ ಈ ತುದಿಯಿಂದ ಕೇಳಿಸಿತು, ಸರ್ ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದರು.

“ಸರ್, ನಿನ್ನೆಯ ಸುದ್ದಿ ತಪ್ಪು. ಆ ವಿಡಿಯೋ ತೆಗೆಯಬೇಕು.”

“ತಪ್ಪು ಅಂತ ಯಾರು ಹೇಳಿದ್ದು? ರಿಪೋರ್ಟ್ ಬಂದಿದೆಯಾ?”

“ಇಲ್ಲ. ಸ್ಯಾಂಪಲ್ ಹೋಗಿದೆ, ಎರಡು ಮೂರು ದಿನ ಬೇಕಂತೆ. ಆದರೆ ಖಾನಾವಳಿಯಲ್ಲಿ ಉಣ್ಣದವರೂ ಬಿದ್ದಿದ್ದಾರೆ. ನೀರು ಇರಬಹುದು.”

“ಇರಬಹುದು! ನಾಳೆ ಅದೂ ಅಲ್ಲ ಅಂತಾದರೆ? ನೀರು ಅಂತ ಬರೆದರೆ ಎಷ್ಟು ಜನ ನಮ್ಮ ಮೇಲೆ ಬೀಳುತ್ತಾರೆ ಗೊತ್ತಾ? ರಿಪೋರ್ಟ್ ಬರುವ ತನಕ ಸುಮ್ಮನಿರಿ.”

“ಮೂರು ದಿನ ಸುಮ್ಮನಿದ್ದರೆ ಜನ ಅದೇ ನೀರು ಕುಡಿಯುತ್ತಾರೆ ಮಾರಾಯ್ರೇ!”

ಯಜ್ಞಣ್ಣ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿದ್ದೇ ಇಲ್ಲ. ಸರ್ ಫೋನ್ ಇಟ್ಟರು.

ಸುಲೋಚನಾ ಸಿಸ್ಟರ್ ಕಾರಿಡಾರಿನ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಮೊದಲು ಯಜ್ಞಣ್ಣನಿಗೂ ತೊಳೆಯಲು ಹೇಳಿದರು. ನಿನ್ನೆ ವಾರ್ಡಿನಿಂದ ಹೊರಬಂದು ತಾವು ಕೈ ತೊಳೆಯದೆಯೇ ವಡಾಪಾವ್ ತಿಂದಿದ್ದು ಯಜ್ಞಣ್ಣನಿಗೆ ಆಗ ನೆನಪಾಯಿತು.

“ನೀರೇ ಕಾರಣ ಅಂತ ನಾನೂ ಹೇಳಂಗಿಲ್ಲ” ಅಂದರು ಸಿಸ್ಟರ್. “ನನಗ ಗೊತ್ತಿಲ್ಲ. ಆದ್ರ ನೀರು ಕುದಿಸಿ ಕುಡೀರಿ ಅನ್ನಾಕ ರಿಪೋರ್ಟ್ ಬೇಕಾಗಿಲ್ಲ. ಕುದಿಸಿದ್ರ ಯಾರಿಗೂ ಏನೂ ನುಕ್ಸಾನ್ ಆಗಂಗಿಲ್ಲ. ಏನು ಗೊತ್ತದ ಅದನ್ನ ಹೇಳ್ರಿ. ಏನು ಗೊತ್ತಿಲ್ಲ ಅದನ್ನೂ ಹೇಳ್ರಿ. ಮಂದಿ ಈಗ ಏನು ಮಾಡಬೇಕು ಅದನ್ನ ಹೇಳ್ರಿ. ಅಷ್ಟು ಸಾಕು.”

ಹತ್ತು ನಿಮಿಷದ ಮೇಲೆ ನನ್ನ ಸ್ವಂತ ಮೊಬೈಲಿಗೆ ಫೋನ್ ಬಂತು. “ಮುಕ್ತಾ, ಹಳೇ ವಿಡಿಯೋ ತೆಗಿ. ಹೊಸದು ಕಳಿಸಿದ್ದೇನೆ, ಹಾಕು.” ಚಾನೆಲಿನ ಪಾಸ್‌ವರ್ಡ್ ನನ್ನ ಹತ್ತಿರವಿತ್ತು. ಸುನಿಲ ಸರ್ ಗಾಜಿನ ಆಚೆ ಬೇರೆ ಯಾರ ಜೊತೆಯೋ ಮಾತಾಡುತ್ತಿದ್ದರು. ಕೆಲಸ ಹೋಗಬಹುದು ಅನ್ನಿಸಿತು. ತೆಗೆದೆ, ಹಾಕಿದೆ.

ಹೊಸ ವಿಡಿಯೋದಲ್ಲಿ ಯಜ್ಞಣ್ಣನ ಕೂದಲಿನಿಂದ ನೀರು ಇಳಿಯುತ್ತಿತ್ತು. “ನಾನು ಯಜ್ಞೇಶ್ವರ. ನಿನ್ನೆ ಶಹಾಡಿನ ಖಾನಾವಳಿಯ ಬಗ್ಗೆ ನಾನು ಹೇಳಿದ್ದು ತಪ್ಪು. ಆ ತಾಯಿಯನ್ನು ನಾನು ಒಂದು ಮಾತೂ ಕೇಳಲಿಲ್ಲ. ಇಪ್ಪತ್ತಾರು ಜನ ಹುಷಾರಿಲ್ಲದೆ ಬಿದ್ದಿದ್ದಾರೆ, ಅದರಲ್ಲಿ ಅಲ್ಲಿ ಊಟ ಮಾಡದವರೂ ಇದ್ದಾರೆ. ಕಾರಣ ಇನ್ನೂ ಗೊತ್ತಿಲ್ಲ. ಪರೀಕ್ಷೆ ನಡೆದಿದೆ. ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಿರಿ. ಭೇದಿ ಸುರುವಾದ ಕೂಡಲೇ ಓಆರ್‌ಎಸ್ ಕೊಡಿ. ಬಸುರಿಯರು, ಮಕ್ಕಳು, ವಯಸ್ಸಾದವರಿದ್ದರೆ ಕಾಯಬೇಡಿ, ಆಸ್ಪತ್ರೆಗೆ ತನ್ನಿ.” ಅಷ್ಟೇ. ಅದನ್ನೇ ಹಿಂದಿಯಲ್ಲೂ ಹೇಳಿದರು. ಮೊದಲ ವಿಡಿಯೋ ನೋಡಿದವರಲ್ಲಿ ಕಾಲುಭಾಗವೂ ಇದನ್ನು ನೋಡಲಿಲ್ಲ. ಅದಕ್ಕೇ ಮಹಾದೇವಪ್ಪ ಸ್ಪೀಕರ್ ಕಟ್ಟಿದ ಒಂದು ಟೆಂಪೋ ತಂದು, ಮೊಬೈಲ್ ಹಿಡಿದು, ಅದೇ ದನಿಯನ್ನು ಹನ್ನೆರಡೂ ಸಾಲಿನಲ್ಲಿ ಸಂಜೆಯವರೆಗೆ ತಿರುಗಿಸಿದ.

ಸುನಿಲ ಸರ್ ನನ್ನನ್ನು ಕರೆದು ಬೈದರು. ಯಜ್ಞಣ್ಣನಿಗೆ ಇನ್ನು ವರದಿ ಕಳಿಸುವುದು ಬೇಡ ಅಂದರು. ಅವರು “ಆಯ್ತು ಸರ್” ಅಂದು, ಬುಧವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಶಹಾಡಿನಲ್ಲಿದ್ದರು. ಸಿಸ್ಟರ್ ಹತ್ತಿರ ಹೋಗಿ, “ನನಗೆ ಬರುವುದು ಒಂದೇ, ಹೆಸರು ಬರೆದುಕೊಳ್ಳುವುದು. ಅದರಿಂದ ಏನಾದರೂ ಉಪಯೋಗ ಇದೆಯಾ?” ಎಂದು ಕೇಳಿದರು. “ನನಗ ಬೇಕಾದ್ದೇ ಅದು” ಅಂದರು ಸಿಸ್ಟರ್.

ಇಬ್ಬರೂ ಮನೆ ಮನೆ ಹತ್ತಿದರು. ಸಾಲು, ಖೋಲಿ ನಂಬರು, ಎಷ್ಟು ಜನ, ಯಾರಿಗೆ ಯಾವಾಗ ಸುರುವಾಯಿತು, ಎಲ್ಲಿ ಉಂಡರು, ಕುಡಿಯುವ ನೀರು ಯಾವ ನಲ್ಲಿಯದು. ಮನೆಯವರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೇ ಯಜ್ಞಣ್ಣ ಬರೆಯುತ್ತಿದ್ದರು. ಐದನೇ ಸಾಲಿಗೆ ಬಂದಾಗ ಇಬ್ಬರು ಗಂಡಸರು ಅಡ್ಡ ನಿಂತರು, ಚಾಳಿನ ಮಾಲೀಕನ ಕಡೆಯವರು. ಒಬ್ಬ ಯಜ್ಞಣ್ಣನ ನೋಟ್‌ಬುಕ್ ಮೇಲೆ ಕೈ ಇಟ್ಟು, “ಕಾಯ್ ಲಿಹಿತೋಯ್ಸ್ ರೇ?” ಎಂದು, ಏನು ಬರೆಯುತ್ತಿದ್ದೀ ಎಂದು, ಗದರಿದ. ಯಜ್ಞಣ್ಣ ನೋಟ್‌ಬುಕ್ ಬಿಡಲಿಲ್ಲ. ಅಕ್ಕಪಕ್ಕದ ಖೋಲಿಗಳಿಂದ ಹೆಂಗಸರು ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಅವರಲ್ಲಿ ಚಂದ್ರಬಾಯಿಯೂ ಇದ್ದಳು, ಕೈಗೆ ಬಟ್ಟೆ ಸುತ್ತಿಕೊಂಡೇ. ಆ ಇಬ್ಬರು ಸ್ವಲ್ಪ ಹೊತ್ತು ನೋಡಿ, ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದರು.

ಮಧ್ಯಾಹ್ನ ಎರಡು ಗಂಟೆಗೆ ನೂರಾ ನಲವತ್ತು ಖೋಲಿಗಳ ಪಟ್ಟಿ ಮುಗಿಯಿತು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅದನ್ನು ಹರಡಿಕೊಂಡು ಕೂತಾಗ, ಓದಲು ಬರುವ ಯಾರಿಗಾದರೂ ಕಾಣುವಂತಿತ್ತು. ಮೊದಲ ಮೂರು ಸಾಲು ರಸ್ತೆ ಬದಿಯ ನಲ್ಲಿಯಿಂದ ನೀರು ಹಿಡಿಯುತ್ತಿದ್ದವು. ಖಾನಾವಳಿಯೂ ಅದೇ ನಲ್ಲಿಯದು. ಆ ಸಾಲುಗಳಲ್ಲಿ ಅರ್ಧಕ್ಕರ್ಧ ಜನ ಚಂದ್ರಬಾಯಿಯ ಹತ್ತಿರ ಉಂಡಿದ್ದರು, ಬಿದ್ದವನು ಒಬ್ಬನೂ ಇಲ್ಲ. ನಾಲ್ಕರಿಂದ ಒಂಬತ್ತನೇ ಸಾಲಿನವರೆಗೆ, ಮಾಲೀಕ ಎಳೆಸಿದ್ದ ಹಿಂದಿನ ನಲ್ಲಿ. ಹುಷಾರಿಲ್ಲದವರೆಲ್ಲ ಆ ಆರು ಸಾಲಿನವರು. ಕೊನೆಯ ಮೂರು ಸಾಲಿಗೆ ಟ್ಯಾಂಕರ್ ಬರುತ್ತಿತ್ತು, ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಸಿಸ್ಟರ್ ಎದ್ದು ಹಿಂದಿನ ಪೈಪು ಹಿಡಿದು ನಡೆದರು. ನೀಲಿ ಪ್ಲಾಸ್ಟಿಕ್ ಪೈಪು ಗಟಾರದೊಳಗೆ ಮುಳುಗಿ ಹೋಗಿತ್ತು. ನಡುವೆ ಒಂದು ಜೋಡಣೆಗೆ ಸೈಕಲ್ ಟ್ಯೂಬು ಸುತ್ತಿತ್ತು, ಅದು ಸಡಿಲವಾಗಿತ್ತು.

ಯಜ್ಞಣ್ಣ ಫೋಟೋ ತೆಗೆದರು, ಆದರೆ ಎಲ್ಲಿಗೂ ಕಳಿಸಲಿಲ್ಲ. ಮೊದಲು ಸಿಸ್ಟರ್ ಆ ಪಟ್ಟಿಯನ್ನೂ ಫೋಟೋವನ್ನೂ ಮೇಲಿನ ಡಾಕ್ಟರಿಗೆ ಕಳಿಸಿದರು. ಡಾಕ್ಟರು ಸಂಜೆಯೊಳಗೆ ಬಂದು ನೋಡಿ, ರಿಪೋರ್ಟಿಗೆ ಕಾಯದೆ ನಲ್ಲಿ ಮುಚ್ಚಿಸಿದರು, ಟ್ಯಾಂಕರ್ ತರಿಸಿದರು, ಮನೆಮನೆಗೆ ಕ್ಲೋರಿನ್ ಗುಳಿಗೆ ಹಂಚಿಸಿದರು. ಆಮೇಲೆ ಯಜ್ಞಣ್ಣ ಬರೆದರು. ಸುನಿಲ ಸರ್ ಅದನ್ನು ಎರಡು ಸಲ ಓದಿ, ನನ್ನ ಮೇಜಿನ ಮೇಲಿಟ್ಟು ಹೋದರು. ಈ ಸಲದ ತಲೆಬರಹಕ್ಕೆ ನಾನು ಅರ್ಧ ಗಂಟೆ ತೆಗೆದುಕೊಂಡೆ.

ಗುರುವಾರ ಏಳು ಹೊಸ ರೋಗಿಗಳು, ಶುಕ್ರವಾರ ಇಬ್ಬರು, ಆಮೇಲೆ ಯಾರೂ ಇಲ್ಲ. ಶುಕ್ರವಾರವೇ ಕಾಲರಾ ಎಂದು ರಿಪೋರ್ಟ್ ಬಂತು. ಒಟ್ಟು ಅರವತ್ತೊಂದು ಜನ ಬಿದ್ದಿದ್ದರು, ಅರವತ್ತೊಂದೂ ಜನ ಎದ್ದು ಮನೆಗೆ ಹೋದರು. ದಾನೇಶ್ವರಿಯೂ ಎದ್ದಳು. ಆಕೆಯ ಮಗು ಹೊಟ್ಟೆಯಲ್ಲೇ ಹೋಯಿತು.

ಆ ಸುದ್ದಿ ಕೇಳಿ ಯಜ್ಞಣ್ಣ ಎಂಟು ದಿನ ಮನೆಯಿಂದ ಹೊರಗೆ ಬರಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆಯಲ್ಲಿ ಬೆಚ್ಚುತ್ತಾರೆ ಎಂದು ತೃಪ್ತಿ ಅಕ್ಕ ನನಗೆ ಫೋನ್ ಮಾಡಿ ಹೇಳಿದರು. ಕೊನೆಗೊಂದು ದಿನ ಯಜ್ಞಣ್ಣ ತಾವೇ ಶಹಾಡಿಗೆ ಹೋಗಿ ದಿಲೀಪನ ಬಾಗಿಲಲ್ಲಿ ನಿಂತರು. ದಾನೇಶ್ವರಿ ಒಳಗೆ ಮಲಗಿದ್ದಳು. ದಿಲೀಪ ಹೊರಗೆ ಬಂದ. “ನಿಮ್ಮಿಂದ ಹೋತು ಅಂತನೂ ನಾ ಅನ್ನಂಗಿಲ್ಲ, ನಿಮ್ಮಿಂದ ಅಲ್ಲ ಅಂತನೂ ಅನ್ನಂಗಿಲ್ಲ. ಗ್ಯಾಸ್ ಆರಿಸಿದವ ನಾನೇ ಅಲ್ಲೇನ್ರಿ” ಎಂದ. ಯಜ್ಞಣ್ಣನಿಗೆ ಅಳು ತಡೆಯಲಾಗಲಿಲ್ಲ. ದಿಲೀಪ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟು ಬಂದ.

ಇದಾದ ಮೇಲೆ ಯಜ್ಞಣ್ಣ ಹಟ ಹಿಡಿದರು. ಕಚೇರಿಗೆ ಬಂದು ಸುನಿಲ ಸರ್ ಎದುರು ಕೂತು, “ನಮಗೆ ಕಲಿಸುವವರು ಬೇಕು ಸರ್” ಅಂದರು. “ಡಾಕ್ಟರ್ ಹತ್ತಿರ ಏನು ಕೇಳಬೇಕು, ಸಂಖ್ಯೆ ಹೇಗೆ ಓದಬೇಕು, ವಾರ್ಡಿಗೆ ಹೋಗುವಾಗ ನಾವು ಹೇಗಿರಬೇಕು. ನಮಗೆ ಇದೊಂದೂ ಗೊತ್ತಿಲ್ಲ.” ಸರ್ ಮೊದಲು ನಕ್ಕರು. ನಮ್ಮಂಥ ಸಣ್ಣ ಪೇಪರಿಗೆ ಟ್ರೈನಿಂಗಾ ಅಂದರು. ಆಮೇಲೆ ಠಾಣೆಯಲ್ಲಿ ನಡೆದ ಒಂದು ದಿನದ ಕಾರ್ಯಾಗಾರಕ್ಕೆ ನಮ್ಮಿಬ್ಬರನ್ನೂ ಕಳಿಸಿದರು. ಅಲ್ಲಿ ಎಲ್ಲ ಇಂಗ್ಲಿಷು, ಗೋಡೆ ತುಂಬ ಗ್ರಾಫು. ದೊಡ್ಡ ಪತ್ರಿಕೆಗಳವರು ತಲೆಯಾಡಿಸುತ್ತಿದ್ದರು. ಯಜ್ಞಣ್ಣ ನಡುವೆ ಎದ್ದು ನಿಂತು ಹಿಂದಿಯಲ್ಲಿ, “ಸರ್, ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ” ಅಂದರು. ಸಭೆಯಲ್ಲಿ ಕಿಸಕ್ ಅಂದವರಿದ್ದರು. ಮಾತಾಡುತ್ತಿದ್ದ ಡಾಕ್ಟರು ಮಾತ್ರ ಗ್ರಾಫು ಬಿಟ್ಟು ಹತ್ತಿರ ಬಂದು ಬಿಡಿಸಿ ಹೇಳಿದರು. ಪಾಸಿಟಿವಿಟಿ ದರವೆಂದರೆ ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಎಷ್ಟು ಜನರಿಗೆ ರೋಗವಿದೆ ಅನ್ನುವ ಲೆಕ್ಕ ಎಂದು ನನಗೆ ಆವತ್ತು ತಿಳಿಯಿತು.

ಇದು ನಮ್ಮ ಹುಡುಗರಿಗೆ ಕನ್ನಡದಲ್ಲೇ ಸಿಗಬೇಕು ಎಂದು ಯಜ್ಞಣ್ಣ ಘಣಸೋಲಿಯ ಒಂದು ಸಂಘದ ಸಭಾಂಗಣ ಕೇಳಿದರು. ಜುಲೈ ಕೊನೆಯ ಭಾನುವಾರ ಒಂಬತ್ತು ಜನ ಬಂದರು. ಎಲ್ಲರೂ ನಮ್ಮ ಹಾಗೇ ಬಿಡಿ ವರದಿಗಾರರು, ಮೊಬೈಲ್ ಚಾನೆಲಿನವರು. ಸುಲೋಚನಾ ಸಿಸ್ಟರ್ ಪಾಠ ಮಾಡಿದರು. ಯಜ್ಞಣ್ಣ ತಮ್ಮದೇ ಹಳೆಯ ವಿಡಿಯೋ ಹಾಕಿ, “ಇದರಲ್ಲಿ ತಪ್ಪು ಎಷ್ಟಿದೆ ಹೇಳಿ” ಅಂದರು. ಮನೀಶ ಎಂಬ ಹುಡುಗ, “ಆ ಪೇಶಂಟಿನ ಮುಖ ತೋರಿಸಬಾರದಿತ್ತು” ಅಂದ. ನಿಜವೇ. ಆ ಮುಖ ನೋಡಿ ಅಫಜಲಪುರದಲ್ಲಿದ್ದ ಸಂಗಮೇಶನ ತಾಯಿ ಮಗ ಹೋದನೆಂದು ಎರಡು ದಿನ ಅನ್ನ ನೀರು ಬಿಟ್ಟಿದ್ದಳು.

ಚಂದ್ರಬಾಯಿಯನ್ನೂ ಕರೆದಿದ್ದರು. ಬರುತ್ತಾಳೆಂದು ನನಗೆ ನಂಬಿಕೆಯಿರಲಿಲ್ಲ. ಬಂದಳು. ಖಾನಾವಳಿಯ ಸೀಲು ತೆಗೆದು ಆಗಿನ್ನೂ ವಾರವಾಗಿತ್ತು, ಊಟಕ್ಕೆ ಬರುವವರು ಮೊದಲಿನ ಅರ್ಧವೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಎರಡೇ ಮಾತು ಹೇಳಿದಳು.

“ನನ್ನ ಹೆಸರು ಹಾಕೋದಕ್ಕ ಮುಂಚೆ ನನ್ನ ಕೇಳಬೇಕಿತ್ರಿ. ಕೇಳಿದ್ರ ನಾನೇ ಹೇಳ್ತಿದ್ದೆ, ಹಿಂದಿನ ನಲ್ಲೀ ನೀರು ಮಳಿ ಬಿದ್ದಾಗಿಂದ ವಾಸನಿ ಬರಾಕತ್ತದ ಅಂತ ಮಂದಿ ಊಟಕ್ಕ ಕುಂತಾಗ ಮಾತಾಡ್ತಿದ್ರು.”

ಯಜ್ಞಣ್ಣ ತಲೆ ತಗ್ಗಿಸಿ ಬರೆದುಕೊಂಡರು. ಹೊರಡುವಾಗ ಅವರು ಕೈಮುಗಿದರೆ ಆಕೆ ಮುಗಿಯಲಿಲ್ಲ. ಸೊಸೆಯ ಹೆಗಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಸೆಪ್ಟೆಂಬರಿನಲ್ಲಿ ಘಣಸೋಲಿಯ ಹಳೇ ಊರಿನ ಬಾಡಿಗೆ ಖೋಲಿಗಳಲ್ಲಿ ಜ್ವರ ಬಂತು. ಎರಡು ದಿನದಲ್ಲಿ ಇಬ್ಬರು ಸತ್ತರು. ಒಂದು ಚಾನೆಲಿನವರು ‘ನಿಗೂಢ ವೈರಸ್’ ಎಂದು ಮಧ್ಯಾಹ್ನ ಮೂರಕ್ಕೇ ಹಾಕಿಬಿಟ್ಟರು. ಜನ ಬ್ಯಾಗು ಹೊತ್ತು ಸ್ಟೇಷನ್ನಿಗೆ ನುಗ್ಗತೊಡಗಿದರು. ಯಜ್ಞಣ್ಣ ಮಾಸ್ಕ್ ಹಾಕಿಕೊಂಡು ಓಣಿಯಲ್ಲಿದ್ದರು. ಸುನಿಲ ಸರ್ ಮೂರೂಕಾಲಿಗೆ ಒಮ್ಮೆ, ಮೂರೂವರೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಫೋನ್ ಮಾಡಿದರು.

“ಎಲ್ಲರೂ ಹಾಕಿದ್ದಾರೆ ಯಜ್ಞಣ್ಣ, ನಮ್ಮದು ಎಲ್ಲಿ?”

“ಇನ್ನೂ ಗೊತ್ತಿಲ್ಲ ಸರ್. ಕೇಳುತ್ತಿದ್ದೇನೆ.”

ನಾನು ಮೇಜಿನ ಮುಂದೆ ಖಾಲಿ ಪುಟ ತೆರೆದುಕೊಂಡು ಕೂತಿದ್ದೆ. ಗಡಿಯಾರ ನೋಡುವುದು, ಫೋನ್ ನೋಡುವುದು. ಅವರು ಸತ್ತ ಇಬ್ಬರ ಮನೆಯವರನ್ನೂ, ಜ್ವರ ಬಂದ ಹನ್ನೊಂದು ಜನರನ್ನೂ, ಅದೇ ಖೋಲಿಗಳಲ್ಲಿ ಜ್ವರ ಬಾರದೆ ಇದ್ದವರನ್ನೂ ಕೇಳಿದರು. ಜ್ವರ ಬಂದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಹಿಂದಿನ ವಾರ ನಾಲೆ ಉಕ್ಕಿದಾಗ ಮೊಣಕಾಲು ನೀರಿನಲ್ಲಿ ನಿಂತು ಸಾಮಾನು ಸಾಗಿಸಿದವರು. ಆ ಪಟ್ಟಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದರು. ಇಲಿಜ್ವರದ ಅನುಮಾನವಿದೆ, ರಕ್ತಪರೀಕ್ಷೆ ನಡೆದಿದೆ, ಬೇಗ ಬಂದರೆ ಔಷಧಿ ಇದೆ ಎಂದು ಅಲ್ಲಿನ ಡಾಕ್ಟರು ತಮ್ಮ ಹೆಸರು ಹಾಕಲು ಒಪ್ಪಿ ಹೇಳಿದರು.

ಐದೂ ಕಾಲಿಗೆ ವರದಿ ಬಂತು. ಅಚ್ಚಿಗೆ ಬಿಡುವ ಮೊದಲು ಯಜ್ಞಣ್ಣ ಸುಲೋಚನಾ ಸಿಸ್ಟರನ್ನೂ ಲೈನಿಗೆ ತೆಗೆದುಕೊಂಡು ಇಡೀ ವರದಿಯನ್ನು ನಿಧಾನಕ್ಕೆ ಓದಿದರು. ಹಿಂದೆ ಲೋಕಲ್ ರೈಲಿನ ಹಾರ್ನು ಕೇಳುತ್ತಿತ್ತು.

“ಎರಡನೇ ಸಾಲಿನ್ಯಾಗ ‘ಮಾರಕ ಜ್ವರ’ ಅಂತ ಅದಲ್ರಿ” ಅಂದರು ಸಿಸ್ಟರ್, “ಮಾರಕ ತೆಗೀರಿ. ಓದಿದವ ಊರಿಗೆ ಓಡ್ತಾನ, ದವಾಖಾನಿಗೆ ಬರಂಗಿಲ್ಲ.”

“ಸರಿ ಸಿಸ್ಟರ್. ಮುಕ್ತಾ, ತೆಗಿ.”

ತೆಗೆದೆ. “ಆ ಜಾಗದಲ್ಲಿ ಏನು ಹಾಕಲಿ ಯಜ್ಞಣ್ಣ?”

“ಏನೂ ಬೇಡ. ಜ್ವರ ಅಂತ ಇರಲಿ” ಅಂದರು.